ಹನ್ನೊಂದು ಮಿಲಿಸೆಕೆಂಡಿನ ಅನುಮಾನ

ಆಂಬುಲೆನ್ಸ್ ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳುವವನನ್ನು ಎಲ್ಲರೂ ಸಂಶಯದ ಮಾಮ ಎನ್ನುತ್ತಾರೆ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗುತ್ತಾನೆ. ನಾಲ್ಕನೆಯ ಸಲ ಜಗ್ಗಲು ಬಸ್ ಸ್ಟಾಪಿನಿಂದ ವಾಪಸು ಬರುತ್ತಾನೆ. ಹೀಗೆ ಹನ್ನೆರಡು ಬೀಗಗಳು ಪ್ರಾಣ ಬಿಟ್ಟಿವೆ. ಕನ್ನಡಿಯೊಳಗಿನವನನ್ನೂ ಗುರುತಿನ ಚೀಟಿ ಕೇಳುವ ಪೈಕಿ. ಜಗತ್ತಿನಲ್ಲಿ ಅವನು ನಂಬಿದ್ದು ಒಬ್ಬನನ್ನೇ, ಕೇಬಲ್ ಕಂಪನಿಯಲ್ಲಿ ಸರ್ವೆ ಮಾಡುವ ಭಾಮೈದನನ್ನು.

ದೂರದ ಕೇಂದ್ರದಿಂದ ಕಚೇರಿಗೆ ಎರಡು ಕೇಬಲ್ ಬರುತ್ತವೆ. ನಕ್ಷೆಯ ಪ್ರಕಾರ ಒಂದು ಸೇತುವೆ ದಾಟಿ, ಇನ್ನೊಂದು ಬೆಟ್ಟ ಸುತ್ತಿ. ಒಂದು ಕಡಿದರೆ ರೂಟರು ‘ಇನ್ನು ಯಾವ ದಾರಿ’ ಎಂದು ನೆರೆಹೊರೆಯವರನ್ನು ಕೇಳುತ್ತ ಕೂರುವುದಿಲ್ಲ. ಬದಲಿ ದಾರಿಯನ್ನು ಮೊದಲೇ ಗೊತ್ತುಮಾಡಿ ಮಡಿಲಲ್ಲಿ ಕಟ್ಟಿಕೊಂಡಿರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಕರೆಗಳು ಆ ಕಡೆ ಹೊರಳುತ್ತವೆ. ಪ್ರತಿ ಮಂಗಳವಾರ ಮಾಮ ಮೊದಲ ಕೇಬಲನ್ನು ಕೈಯಾರೆ ಕಿತ್ತು ಇದನ್ನು ಪರೀಕ್ಷಿಸುತ್ತಾನೆ. ಆರು ವರ್ಷ ಒಮ್ಮೆಯೂ ತಪ್ಪಿರಲಿಲ್ಲ. ಅದೇ ಅವನಿಗೆ ಅನುಮಾನ.

ಒಂದು ಮಂಗಳವಾರ ಮ್ಯಾನೇಜರ್ ಮೇಡಂ ಮುಂದೆ ಹೋಗಿ ನಿಂತ.

"ಮೇಡಂ, ಎರಡೂ ಕೇಬಲಲ್ಲಿ ಸಿಗ್ನಲ್ಲು ಹೋಗಿ ಬರೋಕೆ ಹನ್ನೊಂದೇ ಮಿಲಿಸೆಕೆಂಡು. ಬೆಟ್ಟದ ದಾರಿ ಮುನ್ನೂರು ಕಿಲೋಮೀಟರು ಜಾಸ್ತಿ. ಹದಿನಾಲ್ಕಾದ್ರೂ ಬೇಕಲ್ಲ?"

"ಬೇಗ ಬಂದ್ರೂ ತಪ್ಪಾ? ನೀವು ನಿಮ್ಮ ನೆರಳನ್ನೂ ನಂಬಲ್ಲ ಬಿಡಿ."

"ನಡುಮಧ್ಯಾಹ್ನ ಅದು ಎಲ್ಲಿಗೋ ಹೋಗ್ಬಿಡುತ್ತೆ, ಹೇಗೆ ನಂಬ್ಲಿ?"

"ನಕ್ಷೆ ಮೇಲೆ ಯಾರ ಸಹಿ ಇದೆ, ನೋಡಿ ಮೊದಲು."

ನೋಡಿದ. ಅವನದೇ. ಆರು ವರ್ಷದ ಹಿಂದೆ ಭಾಮೈದ, "ಭಾವ, ನಾನೇ ನಡೆದು ನೋಡಿದ್ದೀನಿ, ಹಾಕಿ" ಎಂದಿದ್ದ. ಬೀಗವನ್ನು ನಾಲ್ಕು ಸಲ ಜಗ್ಗುವವನು ಈ ಕಾಗದವನ್ನು ಒಂದು ಸಲವೂ ಜಗ್ಗದೆ ಸಹಿ ಹಾಕಿದ್ದ.

ಸಂಜೆಯೇ ಭಾಮೈದನನ್ನು ಸೇತುವೆಯ ಬಳಿಗೆ ಎಳೆದುಕೊಂಡು ಹೋದ.

"ಏನ್ ಭಾವ, ನನ್ನ ಮೇಲೂ ಅನುಮಾನಾನಾ? ಅಕ್ಕನಿಗೆ ಹೇಳ್ತೀನಿ ನೋಡಿ."

"ಹೇಳು. ಮೊದಲು ಈ ಕೇಬಲ್ ಗುಂಡಿ ಮುಚ್ಚಳ ಎತ್ತು."

ಎತ್ತಿದರೆ, ಬೆಟ್ಟ ಸುತ್ತುತ್ತಿರಬೇಕಾಗಿದ್ದ ಕಿತ್ತಳೆ ಕೇಬಲು ನೀಲಿ ಕೇಬಲಿನ ಜೊತೆ ಒಂದೇ ಕೊಳವೆಯಲ್ಲಿ, ಹೊಸ ಗಂಡಹೆಂಡಿರ ಹಾಗೆ ಅಂಟಿಕೊಂಡು ಮಲಗಿತ್ತು. ಕೋಣೆಯಲ್ಲಿ ಕೇಬಲ್ ಕಿತ್ತರೆ ಕೋಣೆಯ ಸತ್ಯವಷ್ಟೇ ತಿಳಿಯುತ್ತದೆ. ಇಲ್ಲಿ ಒಂದು ಏಟಿಗೆ ಎರಡೂ ಹೋಗುತ್ತಿದ್ದವು. ಹತ್ತು ಹೆಜ್ಜೆ ಆಚೆ ಸೇತುವೆ ದುರಸ್ತಿಯ ಜೆಸಿಬಿ ನಿಂತಿತ್ತು. ಸೋಮವಾರ ಅಗೆತ ಶುರು. ಅಷ್ಟರೊಳಗೆ ಸರಿಮಾಡದಿದ್ದರೆ, ಎದೆ ಹಿಡಿದುಕೊಂಡು ಫೋನ್ ಮಾಡಿದವರಿಗೆಲ್ಲ ಮೌನವೇ ಉತ್ತರ.

"ಆಗ ಬೆಟ್ಟದ ಕೆಲಸ ಮುಗಿದಿರ್ಲಿಲ್ಲ ಭಾವ. ಆಮೇಲೆ ಬದಲಾಯಿಸೋಣ ಅಂತ..."

"ಆರು ವರ್ಷ ಆಯ್ತಲ್ಲೋ, ನಿನ್ನ ಆಮೇಲೆ ಇನ್ನೂ ಬರ್ಲಿಲ್ವಾ?"

ಮರುದಿನ ಮಾಮ ಮೇಡಂಗೆ ಬರೆದುಕೊಟ್ಟ: ಸಹಿ ನನ್ನದು, ತಪ್ಪೂ ನನ್ನದು. ಆ ಕಾಗದ ಕಂಪನಿಗೆ ಮುಟ್ಟಿದ ಮೇಲೆ ಭಾಮೈದ ಮೂರು ದಿನ ಬೆಟ್ಟ ಇಳಿಯಲಿಲ್ಲ. ಶನಿವಾರ ಕಿತ್ತಳೆ ದಾರಿ ಬೆಟ್ಟಕ್ಕೆ ಹೊರಳಿತು. ಪರೀಕ್ಷಿಸಿದರೆ ಹದಿನಾಲ್ಕು.

"ನಿಧಾನ ಆಯ್ತಲ್ರೀ!" ಎಂದರು ಮೇಡಂ.

"ಅದಕ್ಕೇ ಸ್ವಲ್ಪ ನಂಬಿಕೆ ಬಂತು."

ಸೋಮವಾರ ಹನ್ನೊಂದಕ್ಕೆ ಜೆಸಿಬಿ ಹಲ್ಲೂರಿತು. ನೀಲಿ ಕೇಬಲು ಕಡಿದು ಮಾಮನ ಕೋಣೆಯಲ್ಲಿ ಒಂದು ದೀಪ ಕೆಂಪಾಯಿತು. ಆಚೆ ಹಜಾರದಲ್ಲಿ ಕರೆ ತೆಗೆದುಕೊಳ್ಳುವ ಹುಡುಗಿ ಹೇಳುತ್ತಲೇ ಇದ್ದಳು: "ಉಸಿರಾಡ್ತಿದ್ದಾರಾ ಅಮ್ಮಾ? ಬಾಗಿಲು ತೆಗೆದಿಡಿ, ಗಾಡಿ ಹೊರಟಿದೆ." ಅವಳ ಒಂದಕ್ಷರವೂ ತುಂಡಾಗಲಿಲ್ಲ.

ಭಾಮೈದನ ಫೋನು ಬಂತು. "ಭಾವ, ಬಚಾವಾದ್ವಿ!"

"ಎಲ್ಲಿದ್ದೀಯ?"

"ಬೆಟ್ಟದ ಮೇಲೇ. ಕೇಬಲ್ ಪಕ್ಕದಲ್ಲೇ ನಿಂತಿದ್ದೀನಿ."

"ಹಾಗಾದ್ರೆ ಫೋಟೋ ಕಳಿಸು," ಎಂದ ಮಾಮ. "ನಿನ್ನ ಮುಖಾನೂ ಬರ್ಬೇಕು."