ಮೂವತ್ತನೇ ಕೋಲಿನ ತಿರುವು

ಅಪ್ಪಿಯಷ್ಟು ಪುಕ್ಕಲಿ ಈ ಊರಲ್ಲಿ ಇನ್ನೊಬ್ಬಳಿಲ್ಲ ಎಂದು ಎಷ್ಟೋ ವರ್ಷ ಹೇಳಿಕೊಂಡು ನಕ್ಕವಳು ನಾನೇ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಕಾರಡ್ಕದ ಈಚೆಗಿನ ನಮ್ಮ ಗುಡ್ಡದ ಬುಡದಲ್ಲಿ ಒಂದು ಸುರಂಗವಿದೆ. ಕೆಂಪು ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದು ನೀರು ಹಿಡಿದ ದಾರಿ ಅದು, ಒಬ್ಬರು ಬಗ್ಗಿಕೊಂಡು ಹೋಗುವಷ್ಟೇ ಅಗಲ. ನನ್ನ ಅಪ್ಪನ ಕಾಲದಲ್ಲಿ ಅದನ್ನು ತೋಡಲು ಬಂದವನು ಅಪ್ಪಿಯ ಗಂಡ ಬಟ್ಯ. ಅವನು ಅಗೆಯುವುದು, ಇವಳು ಮಣ್ಣು ಹೊರುವುದು. ಒಂದು ದಿನ ಮಣ್ಣು ಜಾರಿ ಬಟ್ಯ ಸೊಂಟದವರೆಗೆ ಹೂತುಹೋದ. ಅಪ್ಪಿ ಬರಿಗೈಯಲ್ಲಿ ಬಗೆದು ಅವನನ್ನು ಹೊರಗೆಳೆದಳು. ಜೀವ ಉಳಿಯಿತು, ಸೊಂಟ ಮಾತ್ರ ಸರಿಹೋಗಲಿಲ್ಲ.

ಉಳಿದ ಇಪ್ಪತ್ತೈದು ಕೋಲು ತೋಡಿದವಳು ಅಪ್ಪಿ. ಕೋಲೆಂದರೆ ಹೆಚ್ಚುಕಮ್ಮಿ ಎರಡೂವರೆ ಅಡಿ. ಹೆಂಗಸೊಬ್ಬಳು ಸುರಂಗ ತೋಡುವುದನ್ನು ನಮ್ಮ ಕಡೆ ಯಾರೂ ಕಂಡವರಲ್ಲ, ಅವಳಿಗೆ ಕಲಿಸಿದವರೂ ಇಲ್ಲ. ಗೋಡೆಗೆ ಕಿವಿಯಿಟ್ಟು, ಮಣ್ಣು ಮೂಸಿ, ಮೊಂಬತ್ತಿಯ ಉರಿ ನೋಡಿ ತಾನಾಗಿ ಕಲಿತಳು. ಮಳೆಗಾಲದಲ್ಲಿ ಗದ್ದೆಗಳಲ್ಲಿ ನೇಜಿ ನೆಟ್ಟು, ಉಳಿದ ತಿಂಗಳು ಸುರಂಗ ತೋಡಿ, ಮಲಗಿದ ಗಂಡನನ್ನು ಸಾಯುವವರೆಗೂ ನೋಡಿಕೊಂಡಳು, ಮೂರು ಮಕ್ಕಳನ್ನು ದೊಡ್ಡ ಮಾಡಿದಳು. ಈಗಲೂ ಆ ಮನೆಯಲ್ಲಿ ಹನ್ನೊಂದು ಜನ. ಅಪ್ಪಿಯನ್ನು ಕೇಳದೆ ಅಲ್ಲಿ ಒಲೆ ಉರಿಯುವುದಿಲ್ಲ. ಆದರೆ ಹಿರಿಮಗ ಯೋಗೀಶನನ್ನು ಮಾತ್ರ ಒಂದು ದಿನವೂ ಸುರಂಗದೊಳಗೆ ಬಿಟ್ಟವಳಲ್ಲ. ಅವನು ಸೀತಾಂಗೋಳಿಯಲ್ಲಿ ಸಿಮೆಂಟ್ ಇಟ್ಟಿಗೆ ಮಾಡುವ ಕೆಲಸಕ್ಕೆ ಹೋಗುತ್ತಾನೆ. ನಲವತ್ತು ದಾಟಿದರೂ ಅಮ್ಮ ತನಗೆ ಕೆಲಸ ಕಲಿಸಲಿಲ್ಲವೆಂಬ ಮುನಿಸು ಅವನಿಗಿತ್ತು.

ನಾನು ಮೂಕಾಂಬಿಕಾ, ನಿವೃತ್ತ ಟೀಚರ್. ಮೂವತ್ತಮೂರು ವರ್ಷ ಪಾಠ ಹೇಳಿ ಹೇಳಿ ಇನ್ನೊಬ್ಬರನ್ನು ಕೇಳುವ ಅಭ್ಯಾಸವೇ ತಪ್ಪಿಹೋಗಿತ್ತು. ಹೋದ ವರ್ಷ ಮಳೆನೀರು ಇಂಗಿಸುವ ಉಮೇದಿನಲ್ಲಿ ಗುಡ್ಡದ ಮೇಲೆ ಆರು ಇಂಗುಗುಂಡಿ ತೋಡಿಸಿದೆ. ಬೇಜವಾಬ್ದಾರಿಯಿಂದಲ್ಲ. ಸುರಂಗದ ಬಾಯಿಯಿಂದ ಗುಡ್ಡಕ್ಕೆ ನೇರ ಹಗ್ಗ ಎಳೆಸಿ, ಅದರಿಂದ ಹತ್ತು ಮಾರು ದೂರ ಬಿಟ್ಟೇ ತೋಡಿಸಿದ್ದು.

ನವೆಂಬರಿನಲ್ಲಿ ಗುಂಡಿಗಳೆಲ್ಲ ತುಂಬಿದ್ದವು. ಸುರಂಗದ ನೀರು ಮಾತ್ರ ಸಣ್ಣಗಾಗಿ ಕೆಂಪಗೆ ಬರತೊಡಗಿತು. ಹೂಳು ತೆಗೆಯಬೇಕೆಂದು ಅಪ್ಪಿಗೆ ಹೇಳಿ ಕಳಿಸಿದೆ. ಅವಳು ಆ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿದಳು.

"ಈಗ ಬೇಡ ಟೀಚರೇ. ಜನವರಿಯಲ್ಲಿ ನೋಡುವ. ನನಗೆ ಹೆದರಿಕೆ ಆಗ್ತದೆ."

"ನಿನಗೆ ಹೆದರಿಕೆ ಆಗದ ದಿನ ಯಾವುದುಂಟು ಮಾರಾಯ್ತಿ?" ಎಂದೆ.

ಎರಡು ದಿನ ಬಿಟ್ಟು ಅವಳು ಮೊಮ್ಮಗಳ ಜೊತೆ ಆಸ್ಪತ್ರೆಗೆ ಹೋದಳು. ಅದೇ ಹೊತ್ತು ನೋಡಿ ನಾನು ಯೋಗೀಶನನ್ನು ಕರೆಸಿದೆ. ಅವನೂ ಕಾಯುತ್ತಿದ್ದವನೇ. ತಲೆಗೆ ಲೈಟು ಕಟ್ಟಿಕೊಂಡು ಒಳಗೆ ಹೋದ.

ಮಧ್ಯಾಹ್ನ ಅಪ್ಪಿ ಆ ದಾರಿಯಾಗಿ ಬಂದವಳು ಸುರಂಗದ ಬಾಯಿಯಲ್ಲಿ ಮಗನ ಚಪ್ಪಲಿ ಕಂಡು ನಿಂತುಬಿಟ್ಟಳು.

"ಹೆದರಬೇಡ. ಮೇಲಿನ ಗುಂಡಿಗಳೆಲ್ಲ ದೂರ ಉಂಟು" ಎಂದೆ.

"ಗುಂಡಿಯಾ? ಎಂತ ಗುಂಡಿ? ಎಲ್ಲಿ?"

ಮಂಡಿನೋವಿನಿಂದ ಅವಳು ಗುಡ್ಡ ಹತ್ತದೆ ಎರಡು ವರ್ಷವಾಗಿತ್ತು. ಗೇರುಮರದ ಕಡೆ ಕೈ ತೋರಿಸಿದೆ. ಅವಳ ಮುಖದ ಬಣ್ಣವೇ ಇಳಿಯಿತು.

"ಸುರಂಗ ನೇರ ಹೋಗುವುದಲ್ಲ ಟೀಚರೇ. ಮೂವತ್ತನೇ ಕೋಲಿಗೆ ಗಟ್ಟಿ ಕಲ್ಲು ಸಿಕ್ಕಿತ್ತು, ನಾನು ಎಡಕ್ಕೆ ತಿರುಗಿಸಿದ್ದು. ಗೇರುಮರದ ಅಡಿಗೇ ಹೋಗುವುದು ಅದು."

ಅವನನ್ನು ಕೂಗಿ ಕರೆಯಲು ನಾನು ಬಾಯಿ ತೆರೆದೆ. ಅವಳು ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. "ಕೂಗಬೇಡಿ. ಗಡಿಬಿಡಿಯಲ್ಲಿ ತಿರುಗಿ ಗೋಡೆಗೆ ಬಡಿದರೆ ಮುಗೀತು." ಸೆರಗು ಸೊಂಟಕ್ಕೆ ಸಿಕ್ಕಿಸಿ, ಅರುವತ್ತೆಂಟರ ಆ ಹೆಂಗಸು ದೀಪವೂ ಇಲ್ಲದೆ ಕತ್ತಲೊಳಗೆ ನುಗ್ಗಿದಳು.

ನಾನು ಹೊರಗೆ ಉಳಿದೆ. ಕಾಲಡಿಯಲ್ಲಿ ಹರಿಯುತ್ತಿದ್ದ ನೀರು ನೋಡನೋಡುತ್ತ ಸಣ್ಣಗಾಗಿ ನಿಂತೇಹೋಯಿತು. ಒಳಗೆ ಎಲ್ಲೋ ಮಣ್ಣು ಕುಸಿದು ನೀರು ಕಟ್ಟಿಕೊಳ್ಳುತ್ತಿದೆ ಎಂದು ನನಗೂ ಗೊತ್ತಾಯಿತು. ಒಳಗಿಂದ ಸದ್ದೇ ಇಲ್ಲ. ತಾಯಿ ಮಗ ಇಬ್ಬರನ್ನೂ ನಾನೇ ಕೊಂದೆ ಎಂದುಕೊಂಡೆ.

ಎಷ್ಟೋ ಹೊತ್ತಿನ ಮೇಲೆ ಮೊದಲು ಕಂಡದ್ದು ಅಪ್ಪಿಯ ಹಿಮ್ಮಡಿ. ಗೋಡೆಗೆ ತಾಗೀತೆಂದು ತಾನು ತಿರುಗದೆ, ಮಗನ ಎರಡೂ ಕೈ ಹಿಡಿದು ಹಿಂದೆ ಹಿಂದೆ ಸರಿಯುತ್ತ ಬಂದಳು. ಯೋಗೀಶ ನಗುತ್ತಿದ್ದ.

"ಅಮ್ಮನಿಗೆ ಮರುಳು ಟೀಚರೇ. ಇನ್ನು ನಾಲ್ಕು ಬುಟ್ಟಿ ಇತ್ತು ಅಷ್ಟೇ. ಹಾರೆ ಒಳಗೇ ಉಂಟು, ತರ್ತೇನೆ" ಎಂದು ತಿರುಗಿದ. ಅಪ್ಪಿ ಸುರಂಗದ ಬಾಯಿಗೆ ಅಡ್ಡ ಕೂತುಬಿಟ್ಟಳು. ಅವನು ಬೈದ, ಅವಳ ರಟ್ಟೆ ಹಿಡಿದು ಎಬ್ಬಿಸಲು ನೋಡಿದ. ಅವಳು ಕದಲಲಿಲ್ಲ.

ಆಗ ಬಂತು ಸದ್ದು. ಕಿವಿಗಿಂತ ಮೊದಲು ಪಾದಕ್ಕೆ ಗೊತ್ತಾಯಿತು. ಒಳಗಿಂದ ಗಾಳಿ ರೊಯ್ಯೆಂದು ನುಗ್ಗಿ ಅವಳ ಸೆರಗು ಹಾರಿಸಿತು. ಯೋಗೀಶ ತಾಯಿಯನ್ನು ಎಳೆದು ಬದಿಗೆ ಹಾಕುವಷ್ಟರಲ್ಲಿ ಕೆಂಪು ಕೆಸರು ಮೊಣಕಾಲೆತ್ತರ ಹರಿದುಬಂತು.

ಅಪ್ಪಿ ಎದ್ದವಳೇ ಮಗನ ಕೆನ್ನೆಗೆ ಎರಡು ಬಾರಿಸಿದಳು. ಮತ್ತೆ ಅವನನ್ನೇ ತಬ್ಬಿಕೊಂಡು ಊರಿಗೆ ಕೇಳುವ ಹಾಗೆ ಅತ್ತಳು.

ನಾನು ಗುಡ್ಡ ಹತ್ತಿ ನೋಡಿದೆ. ಗೇರುಮರದ ಪಕ್ಕದ ಗುಂಡಿಯಲ್ಲಿ ಹನಿ ನೀರಿರಲಿಲ್ಲ, ತಳವೇ ಇರಲಿಲ್ಲ. ಇಳಿದು ಬಂದಾಗ ಅಪ್ಪಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಒಂದು ಮಾತು ಕೇಳಿದ್ದರೆ ಹೇಳ್ತಿದ್ದೆ ಟೀಚರೇ" ಎಂದಳು, ಅಷ್ಟೇ.

ಯೋಗೀಶ ಕೆಸರಿನಲ್ಲೇ ಕುಕ್ಕರಿಸಿದ್ದ. ಹಲ್ಲು ಕಟಕಟ ಎನ್ನುತ್ತಿತ್ತು. ಅಪ್ಪಿ ಅವನ ಮುಂದೆ ಕೂತು ತುಳುವಿನಲ್ಲಿ, ಹೆದರಿಕೆ ಆಯಿತಾ ಎಂದು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಅವಳು ಸೆರಗಿನಿಂದ ಅವನ ಮುಖದ ಮಣ್ಣು ಒರೆಸಿದಳು.

"ಹಾಗಾದರೆ ಇನ್ನು ಕಲಿಸ್ತೇನೆ" ಎಂದಳು.