ಮಾಹಿತಿ ನೀಡಿದವರು

ಹವಾಮಾನ ಬದಲಾವಣೆಯನ್ನು ಎದುರಿಸಲು ನಮ್ಮ ಗ್ರಾಮ ಪಂಚಾಯಿತಿಯು ಯೋಜನೆಯೊಂದನ್ನು ಸಿದ್ಧಪಡಿಸಲು ಹೊರಟಾಗ, ಊರಿನ ಕೆರೆ, ಗುಂಡುತೋಪು, ಗಿಡಮರ, ಹಕ್ಕಿಗಳನ್ನೆಲ್ಲ ದಾಖಲಿಸುವ ಪುಸ್ತಕವನ್ನು ಬರೆಯುವ ಹೊಣೆಯನ್ನು ನನಗೆ ವಹಿಸಿತು. ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿ, ಸ್ವಯಂನಿವೃತ್ತಿ ಪಡೆದು ಊರಿಗೆ ಮರಳಿದ್ದವಳು ನಾನು. ಈ ಕೆಲಸ ನನ್ನದಲ್ಲದೆ ಇನ್ನಾರದು ಎಂದುಕೊಂಡಿದ್ದೆ. ಆ ಪುಸ್ತಕ ಆದ್ಯಂತ ನನ್ನದಾಗಿರಬೇಕೆಂಬುದು ನನ್ನ ಆಸೆಯಾಗಿತ್ತು. ಅದನ್ನು ಈಗ ಮುಚ್ಚಿಡುವುದಿಲ್ಲ.

ಪುಸ್ತಕದ ಪ್ರತಿ ಪುಟದ ಕೊನೆಯ ಕಾಲಂ ‘ಮಾಹಿತಿ ನೀಡಿದವರು’ ಎಂಬುದು. ಅದರಲ್ಲಿ ನಾನು ಸಾಲುಸಾಲಿಗೂ ‘ಸ್ವತಃ’ ಎಂದು ದುಂಡಗೆ ಬರೆಯತೊಡಗಿದೆ.

ಯೋಜನೆಯ ಸಮಿತಿಯ ಮೊದಲ ಸಭೆಗೇ ಅವಳು ಬಂದಳು. ಏಳನೆಯ ತರಗತಿಯವರೆಗೆ ನನ್ನ ಸಹಪಾಠಿಯಾಗಿದ್ದು, ಅನಂತರ ಶಾಲೆ ಬಿಟ್ಟು, ಈಗ ರೇಷ್ಮೆಹುಳು ಸಾಕಿ ಬಸ್ಸಿನಲ್ಲಿ ವಿಜಯಪುರದ ರೇಷ್ಮೆ ಮಾರುಕಟ್ಟೆಗೆ ಗೂಡು ಒಯ್ದು ಮಾರುವವಳು. ಪರೀಕ್ಷೆಗಳಲ್ಲಿ ಯಾವಾಗಲೂ ನಾನೇ ಮೊದಲಿಗಳು. ಆದರೆ ಬಿಡುವಿನ ಗಂಟೆ ಹೊಡೆದರೆ ಮಕ್ಕಳೆಲ್ಲ ಇರುತ್ತಿದ್ದುದು ಅವಳ ಸುತ್ತ. ಸಭೆಯಲ್ಲೂ ಹಾಗೆಯೇ ಆಯಿತು. ಮಡಿಲಿನಿಂದ ಬೆರಕೆ ಸೊಪ್ಪನ್ನು ಮೇಜಿನ ಮೇಲೆ ಸುರಿದು, “ಇದು ಅಣ್ಣೆಸೊಪ್ಪು, ಇದು ಹೊನಗೊನ್ನೆ, ಇದು ಗೋಣಿಸೊಪ್ಪು. ಇದು ಮಾತ್ರ ಸೊಪ್ಪಲ್ಲ, ನಮ್ ಅಧ್ಯಕ್ಷರ ಥರ ಬರೀ ಕಳೆ” ಎಂದಳು. ಅಧ್ಯಕ್ಷರೇ ಮೊದಲು ನಕ್ಕರು. ಪಿಡಿಒ ನನ್ನತ್ತ ತಿರುಗಿ, “ಮೇಡಂ, ಇವರನ್ನ ಕೇಳ್ಕೊಂಡು ಬರ್ಕೊಳ್ಳಿ” ಎಂದರು.

ಕೇಳಿಕೊಂಡು ಬರೆದುಕೊಳ್ಳುವುದು! ಸಾವಿರಾರು ಮಕ್ಕಳಿಂದ ಉಕ್ತಲೇಖನ ಬರೆಸಿದ ನನಗೆ ಆ ಮಾತು ಚುಚ್ಚಿತು. ಸೊಪ್ಪುಗಳ ಹೆಸರನ್ನು ಅಂದೇ ಬರೆದುಕೊಂಡೆನಾದರೂ ಕೊನೆಯ ಕಾಲಮಿನಲ್ಲಿ ‘ಸ್ವತಃ’ ಎಂದೇ ನಮೂದಿಸಿದೆ. ಇನ್ನುಳಿದುದನ್ನು ಯಾರನ್ನೂ ಕೇಳದೆ ಪೂರೈಸುವೆನೆಂದು ಪಣ ತೊಟ್ಟೆ.

ಬೇಸಿಗೆಯಲ್ಲಿ ಅಳತೆಯ ಟೇಪು ಹಿಡಿದು ಒಬ್ಬಳೇ ಊರು ಸುತ್ತಿದೆ. ಗುಂಡುತೋಪಿನ ಹಿಂದಿನಿಂದ ಕೆರೆಯವರೆಗೆ ಮರಳು ಹಾಸಿದ ಅಗಲವಾದ ಹಾದಿಯೊಂದಿದೆ. ಶಾಲೆಗೆ ನಾನು ನಡೆದು ಹೋಗುತ್ತಿದ್ದುದು ಅದರಲ್ಲೇ. ಗೊಬ್ಬರದ ಗಾಡಿಗಳು ಓಡಾಡುವುದೂ ಅದರಲ್ಲೇ. ಅಳೆದು, ‘ಗಾಡಿ ದಾರಿ’ ಎಂದು ಬರೆದೆ. ನನ್ನ ಬರವಣಿಗೆಯನ್ನು ನಂಬಿ ಎಂಜಿನಿಯರು ಆ ದಾರಿಯನ್ನು ಎತ್ತರಿಸಿ ಕಾಂಕ್ರೀಟು ಹಾಕುವ ಪ್ರಸ್ತಾವವನ್ನು ಯೋಜನೆಯ ಕರಡಿಗೆ ಸೇರಿಸಿದರು. ಗ್ರಾಮಸಭೆಯ ಒಪ್ಪಿಗೆಯೊಂದೇ ಬಾಕಿ. ಕರಡನ್ನು ಪಂಚಾಯಿತಿಯ ಫಲಕಕ್ಕೆ ಅಂಟಿಸಲಾಯಿತು.

ಮರುದಿನ ಮಧ್ಯಾಹ್ನ ಅವಳು ನನ್ನ ಬಾಗಿಲಿಗೆ ಬಂದಳು. ಕೈಗಳಲ್ಲಿ ಹಿಪ್ಪುನೇರಳೆಯ ಹಸಿರು ಕರೆ.

“ಮೇಡಮ್ಮೋರೇ, ಒಳಗಿದ್ದೀಯೇನೇ?”

“ಬಾ, ಕೂತ್ಕೋ.”

“ಕೂರಕ್ಕೆ ಪುರುಸೊತ್ತಿಲ್ಲ ಕಣೇ, ಹುಳ ಹಣ್ಣಾಗೋಕೆ ಬಂದವೆ, ಇನ್ನೇನು ಗೂಡು ಕಟ್ತವೆ. ತೋಪಿನ ಹಿಂದೆ ಕಾಂಕ್ರೀಟ್ ಹಾಕ್ತಾರಂತಲ್ಲ, ಯಾರೇ ಬರ್ದಿದ್ದು?”

“ನಾನೇ. ಅದು ಗಾಡಿ ದಾರಿ. ಅಳೆದು ಬರ್ದಿದ್ದೀನಿ.”

“ದಾರೀನಾ? ಅಯ್ಯೋ, ಅದು ಕೆರೆಗೆ ನೀರ್ ಬರೋ ಕಾಲ್ವೆ ಕಣೇ! ಬೇಸ್ಗೇಲಿ ನಾವ್ ನಡೀತೀವಿ, ಮಳೇಲಿ ನೀರು ನಡೀತದೆ. ನೀರು ಬಂದ ದಿನ ನಾವೆಲ್ಲ ಅದ್ರಲ್ಲಿ ಬಿದ್ದು ಒದ್ದಾಡಿ, ಸ್ಕೂಲಿಗೆ ಚಕ್ಕರ್ ಹೊಡೀತಿರ್ಲಿಲ್ವಾ?”

“ನಾನು ಹೊಡೀತಿರ್ಲಿಲ್ಲ.”

“ನೀನೆಲ್ಲಿ ಹೊಡೀತೀಯ! ಮಳೆ ಬಂದ್ರೆ ಲಂಗ ಕೆಸರಾಗ್ತದೆ ಅಂತ ರೋಡಲ್ಲಿ ಸುತ್ತಾಕ್ಕೊಂಡು ಹೋಗ್ತಿದ್ದೆ. ಅದ್ಕೇ ನಿಂಗೆ ಗೊತ್ತಿಲ್ಲ. ಅದನ್ನ ಎತ್ತರ ಮಾಡ್ಬುಟ್ರೆ ಕೆರೆ ತುಂಬೋದೆಂಗೆ? ನಿನ್ ಬೋರೂ ನನ್ ಬೋರೂ ಆ ಕೆರೇನೇ ನಂಬ್ಕೊಂಡವೆ.”

“ಹಾಗಾದ್ರೆ ಸಭೇಲಿ ನೀನೇ ಹೇಳು.”

“ನಾನ್ಯಾಕೇ ಹೇಳ್ಲಿ? ಎಲ್ಲಾರ್ ಮುಂದೆ ಮೇಡಮ್ಮೋರು ತಪ್ಪು ಅಂದ್ರೆ ಚೆನ್ನಾಗಿರ್ತದಾ? ಬರ್ದೋಳು ನೀನು, ನೀನೇ ತಿದ್ದು. ಬರ್ತೀನಿ.”

ಅವಳು ಸಭೆಯಲ್ಲಿ ನನ್ನನ್ನು ಅವಮಾನಿಸುವಂತಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳನ್ನು ದ್ವೇಷಿಸಲು ನನಗೆ ನ್ಯಾಯವಾದ ಕಾರಣವೊಂದು ದೊರೆಯುತ್ತಿತ್ತು. ಒಳ್ಳೆಯತನದಲ್ಲೂ ಅವಳೇ ಮುಂದಾದಳು.

ಅವಳ ಮಾತು ಸುಳ್ಳಾಗಲೆಂದು ಹಾರೈಸುತ್ತ ಪಂಚಾಯಿತಿಗೆ ಹೋಗಿ ಹಳೆಯ ಗ್ರಾಮನಕ್ಷೆಯನ್ನು ಬಿಡಿಸಿದೆ. ತೋಪಿನ ಹಿಂದೆ ಜೋಡಿ ಗೆರೆಗಳು ಅಂಕುಡೊಂಕಾಗಿ ಇಳಿದು ಕೆರೆಯನ್ನು ಸೇರಿದ್ದವು. ಪಕ್ಕದಲ್ಲಿ ‘ಕಾಲುವೆ’ ಎಂದು ಸ್ಪಷ್ಟವಾಗಿ ಬರೆದಿತ್ತು. ಆಗ ಮನಸ್ಸಿಗೆ ಇನ್ನೊಂದು ಹಾದಿ ಹೊಳೆಯಿತು. ‘ಆಧಾರ: ಗ್ರಾಮನಕ್ಷೆ’ ಎಂದು ಬರೆದರೆ ಸಾಕು. ಕಾಲುವೆ ಉಳಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ, ಅವಳ ಹೆಸರು ಎಲ್ಲೂ ಬರುವುದಿಲ್ಲ. ಅದು ಸುಳ್ಳೂ ಅಲ್ಲ. ಎರಡು ದಿನ ಆ ಕಾಲಮನ್ನು ಖಾಲಿ ಬಿಟ್ಟೆ. ನಕಲು ಮಾಡಿದ ಹುಡುಗಿಯರನ್ನು ನಾನು ತರಗತಿಯ ಹೊರಗೆ ನಿಲ್ಲಿಸುತ್ತಿದ್ದುದು ಪದೇ ಪದೇ ನೆನಪಾಗುತ್ತಿತ್ತು.

ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿದೆ: “ಇದು ದಾರಿಯಲ್ಲ, ಕೆರೆಯ ಕಾಲುವೆ. ದಾರಿ ಎಂದು ಬರೆದ ತಪ್ಪು ನನ್ನದು.” ಬಳಿಕ ಕೊನೆಯ ಕಾಲಮನ್ನೂ ಓದಿದೆ. ಅಲ್ಲಿ ಅವಳ ಹೆಸರಿತ್ತು. ಜನ ಚಪ್ಪಾಳೆ ತಟ್ಟಿದರು. ಕಾಂಕ್ರೀಟಿನ ಪ್ರಸ್ತಾವವನ್ನು ಕೈಬಿಟ್ಟು, ಕಾಲುವೆಯ ಹೂಳೆತ್ತುವುದೆಂದು ತೀರ್ಮಾನವಾಯಿತು. ಅವಳು ಸಭೆಗೆ ಬಂದಿರಲೇ ಇಲ್ಲ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲೆಂದು ಚಂದ್ರಿಕೆಯ ತಟ್ಟಿಗೆ ಬಿಡುತ್ತಿದ್ದಳಂತೆ. ಎದುರಿಗಿಲ್ಲದವಳಿಗೆ ಬಿದ್ದ ಆ ಚಪ್ಪಾಳೆ ನನ್ನ ಕಿವಿಯಲ್ಲಿ ಬಹಳ ಹೊತ್ತು ಉರಿಯಿತು.

ಪುಸ್ತಕದ ಉಳಿದ ಪುಟಗಳನ್ನು ನಾನೀಗ ಅವಳ ಹುಳುಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಸೊಪ್ಪಿನ ಪುಟದ ‘ಸ್ವತಃ’ಗಳನ್ನು ಸ್ಕೇಲು ಇಟ್ಟು ಹೊಡೆದುಹಾಕಿದ್ದೇನೆ. ಹೊಟ್ಟೆಕಿಚ್ಚು ಮಾತ್ರ ಹಾಗೆಯೇ ಇದೆ. ಅವಳು ನನಗೆ ಬೆನ್ನು ಹಾಕಿ ತಟ್ಟೆಗಳಿಗೆ ಎಲೆ ಹರಡುತ್ತ ಗಿಡದ ಮೇಲೆ ಗಿಡ ಹೇಳಿಕೊಂಡು ಹೋಗುತ್ತಾಳೆ; ನಡುವೆ ನಿಲ್ಲಿಸಿ, ಹಿಂದೆ ತಿರುಗದೆಯೇ ಕೇಳುತ್ತಾಳೆ:

“ಬರ್ಕೊಂಡ್ಯೇನೇ? ಮುಂದಿಂದು ಹೇಳ್ಲಾ?”