ನಕ್ಷೆಯ ಮೇಲೆ ಕೋಲು ಬಡಿದ ಜಾಗ

ಪ್ರಪಂಚದಲ್ಲಿ ಎಲ್ಲಾದರೂ ಏನಾದರೂ ಆದರೆ ನನಗೆ ಒಳಗೊಳಗೇ ಖುಷಿ. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಸಂಗತಿ ಇರುವುದೇ ಹಾಗೆ. ಎಲ್ಲೋ ಒಂದು ಸರಕಾರ ಬಿದ್ದರೆ, ಯಾವುದೋ ದೇಶದ ಅಧ್ಯಕ್ಷ ಇನ್ನೊಂದು ದೇಶದ ಅಧ್ಯಕ್ಷನಿಗೆ ಬೈದರೆ, ಆ ದಿನ ಚಹಾಕ್ಕೆ ಸಕ್ಕರೆ ಹಾಕಿಲ್ಲವೆಂದೂ ನನಗೆ ಗೊತ್ತಾಗುವುದಿಲ್ಲ. ಈ ತಿಂಗಳಿಗೆ ಸಾಮಾನು ಸಿಕ್ಕಿತು ಎಂದು ಮನಸ್ಸು ಹಿಗ್ಗುತ್ತದೆ.

ಸಾಮಾನು ಬೇಕಾದದ್ದು ಭಾಷಣಕ್ಕೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ಮೂಡುಬಿದಿರೆಯ ಹತ್ತಿರ ಪುತ್ತಿಗೆಯಲ್ಲಿ ಮನೆ, ಹಿಂದೆ ಒಂದಿಷ್ಟು ಅಡಿಕೆ. ನಮ್ಮ ವಾಚನಾಲಯದಲ್ಲಿ ಪ್ರತಿ ತಿಂಗಳ ಕೊನೆಯ ಭಾನುವಾರ ಆ ತಿಂಗಳು ದೇಶದಲ್ಲಿ, ಪ್ರಪಂಚದಲ್ಲಿ ಏನೇನಾಯಿತು ಎಂದು ನಾನು ಮಾತಾಡುತ್ತೇನೆ. ಗೋಡೆಗೆ ಪ್ರಪಂಚದ ನಕ್ಷೆ, ಕೈಯಲ್ಲಿ ಶಾಲೆಯಿಂದ ತಂದ ಬೆತ್ತ. ಪರೀಕ್ಷೆಗೆ ಓದುವ ಹುಡುಗಿಯರು ಬರುತ್ತಾರೆ, ಪಿಂಚಣಿದಾರರು ಬರುತ್ತಾರೆ, ಚಹಾದ ಜೊತೆ ಕೊಡುವ ಗೋಳಿಬಜೆಗೆಂದೇ ಬರುವ ಕೆಲವರೂ ಉಂಟು. ವಾಚನಾಲಯ ನೋಡಿಕೊಳ್ಳುವ ಹೆಂಗಸು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕುತ್ತಾಳೆ. ಯಾರು ನೋಡುತ್ತಾರೋ ದೇವರಿಗೇ ಗೊತ್ತು ಎಂದು ಬಾಯಲ್ಲಿ ಹೇಳುತ್ತಿದ್ದೆ. ಮನೆಗೆ ಬಂದು ಎಷ್ಟು ಜನ ನೋಡಿದ್ದಾರೆ ಎಂದು ನಾನೇ ತೆರೆದು ತೆರೆದು ನೋಡುತ್ತಿದ್ದೆ.

ಆ ಮಳೆಗಾಲದ ಮೊದಲ ತಿಂಗಳು ಸಾಮಾನಿಗೆ ಬರವಿರಲಿಲ್ಲ. ಉತ್ತರದ ಬೆಟ್ಟಗಳಲ್ಲಿ ಮೋಡ ಒಡೆದು ಊರುಗಳೇ ಜಾರಿದ್ದವು. ಯುರೋಪಿನಲ್ಲಿ ಜನ ಸೆಖೆ ತಡೆಯಲಾರದೆ ಕಾರಂಜಿಗಳಿಗೆ ಇಳಿದಿದ್ದರು. ದಿಲ್ಲಿಯಲ್ಲಿ ಮತದಾರರ ಪಟ್ಟಿಯ ಜಗಳ. ಎಲ್ಲಕ್ಕಿಂತ ಮೇಲಾಗಿ ಪಶ್ಚಿಮ ಏಷ್ಯಾದಲ್ಲಿ ಕ್ಷಿಪಣಿ ಹಾರಿ, ಕೊಲ್ಲಿಯ ಆಕಾಶವನ್ನೇ ಮುಚ್ಚಿ, ವಿಮಾನಗಳು ಅಲ್ಲಲ್ಲೇ ನಿಂತಿದ್ದವು. ನಮ್ಮಲ್ಲಿಯೂ ಸುದ್ದಿ ಇತ್ತು. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದಾಗಿತ್ತು. ಬಂಟ್ವಾಳದ ಕಡೆ ಧರ್ಮದ ಹೆಸರಿನ ಗಲಾಟೆಯ ಗಾಳಿ ಎದ್ದು, ಸಂಜೆಯಾಗುತ್ತಲೇ ಅಂಗಡಿಗಳ ಶಟರ್ ಇಳಿಯುತ್ತಿತ್ತು. ಅದರ ಬಗ್ಗೆ ನಮ್ಮ ವಾಚನಾಲಯದ ಅಧ್ಯಕ್ಷರು ಮುಂಚೆಯೇ ಕಿವಿಯಲ್ಲಿ ಹೇಳಿದ್ದರು: "ಇಲ್ಲಿಯದ್ದು ಬೇಡ ಮಾಷ್ಟ್ರೇ. ಸುಮ್ಮನೆ ರಗಳೆ ಯಾಕೆ? ನೀವು ಆಚೆಯದ್ದು ಹೇಳಿ, ಅದು ನಿಮಗೆ ಚಂದ ಬರ್ತದೆ." ನಾನು ಒಂದು ಮಾತೂ ಎದುರು ಹೇಳದೆ ಒಪ್ಪಿದೆ. ತರಗತಿಯಲ್ಲಿ ಸಂವಿಧಾನದ ಪೀಠಿಕೆಯನ್ನು ಬಾಯಿಪಾಠ ಮಾಡಿಸಿದ ಮನುಷ್ಯ, ನೋಡಿ!

ಆ ಭಾನುವಾರ ಬೆಳಿಗ್ಗೆ ತಂಗಿಯ ಫೋನ್ ಬಂತು. ಅವಳನ್ನು ಚಾರ್ಮಾಡಿಗೆ ಕೊಟ್ಟದ್ದು. ಮನೆಯಲ್ಲಿ ಅವಳು, ಅವಳ ಅತ್ತೆ. ಭಾವ, ಅಂದರೆ ಅವಳ ಗಂಡ, ಮದುವೆಯಾದ ಲಾಗಾಯ್ತು ಗಲ್ಫಿನಲ್ಲಿ, ಎಸಿ ರಿಪೇರಿ ಕೆಲಸ. ನಾನು ಆಗ ಕ್ಷಿಪಣಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಗುರುತು ಹಾಕುವುದರಲ್ಲಿ ಮುಳುಗಿದ್ದೆ.

"ಅಣ್ಣ, ಒಂದು ವಿಷಯ ಕೇಳ್ಲಿಕ್ಕಿತ್ತು," ಎಂದಳು.

"ಈಗ ಪುರುಸೊತ್ತಿಲ್ಲ ಮಾರಾಯ್ತಿ. ಮಧ್ಯಾಹ್ನ ನನ್ನ ಭಾಷಣ ಉಂಟಲ್ಲ, ನೀನೇ ಬಾ. ಎಲ್ಲ ಅಲ್ಲಿ ಹೇಳ್ತೇನೆ," ಎಂದು ಫೋನ್ ಇಟ್ಟೆ.

ಅವಳು ನಿಜವಾಗಿಯೂ ಬಂದಳು. ಆ ಮಳೆಯಲ್ಲಿ ಉಜಿರೆ ದಾಟಿ ಬೆಳ್ತಂಗಡಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ವೇಣೂರು ದಾಟಿ ಮೂಡುಬಿದಿರೆಗೆ ಬಂದು, ಅಲ್ಲಿಂದ ರಿಕ್ಷಾ ಮಾಡಿ ಪುತ್ತಿಗೆ ಮುಟ್ಟುವಾಗ ನಾನು ಯುರೋಪಿನ ಸೆಖೆಯಲ್ಲಿದ್ದೆ. ಒದ್ದೆ ಕೊಡೆಯನ್ನು ಮೊಣಕೈಗೆ ಸಿಕ್ಕಿಸಿಕೊಂಡು ಕೊನೆಯ ಸಾಲಿನಲ್ಲಿ ಕುಳಿತಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ತಂಗಿ ನನ್ನ ಭಾಷಣಕ್ಕೆ ಬಂದಿದ್ದಾಳೆ ಎಂದು ನನ್ನ ಎದೆ ಉಬ್ಬಿತು. ದನಿ ಏರಿಸಿದೆ.

ಕೊಲ್ಲಿಯ ವಿಷಯಕ್ಕೆ ಬಂದಾಗ ನನಗೆ ಆವೇಶವೇ ಬಂದಿತ್ತು ಅನ್ನಬೇಕು. "ಇಲ್ಲಿಂದ ಹಾರಿತು," ಎಂದು ಬೆತ್ತವನ್ನು ನಕ್ಷೆಯ ಒಂದು ಕಡೆಯಿಂದ ಎಳೆದುಕೊಂಡು ಬಂದು, "ಇಲ್ಲಿ ಬಿತ್ತು!" ಎಂದು ಕಡಲಿಗೆ ಚಾಚಿದ ಒಂದು ಹೆಬ್ಬೆಟ್ಟಿನಷ್ಟು ಜಾಗದ ಮೇಲೆ ಟಪ್ಪೆಂದು ಬಡಿದೆ. ಮುಂದಿನ ಸಾಲಿನ ಹುಡುಗಿ ಬೆಚ್ಚಿಬಿದ್ದಳು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಸಭೆ ಬಿಸಿಯಾಗಿದೆ, ಒಂದು ಜೋಕ್ ಹೇಳುವ ಎನಿಸಿತು.

"ಆದರೂ ನಮಗೆ ಇದರಿಂದ ಒಂದು ಲಾಭ ಉಂಟು," ಎಂದೆ. "ಗಲ್ಫಿನವರೆಲ್ಲ ಗಂಟುಮೂಟೆ ಕಟ್ಟಿ ವಾಪಸ್ ಬಂದರೆ, ಈ ವರ್ಷ ಅಡಿಕೆಗೆ ಮದ್ದು ಬಿಡ್ಲಿಕ್ಕಾದರೂ ಜನ ಸಿಗಬಹುದು!"

ಮಳೆಯ ನಡುವೆ ಬಿಸಿಲು ನೋಡಿ ಅಡಿಕೆ ಮರ ಹತ್ತಿ ಕೊಳೆರೋಗಕ್ಕೆ ಮದ್ದು ಬಿಡುವವರು ಸಿಗದೆ ಎಲ್ಲರೂ ಪರದಾಡುತ್ತಿದ್ದ ಕಾಲ. ಸಭೆ ಹೊಟ್ಟೆ ಹಿಡಿದು ನಕ್ಕಿತು. ಅಧ್ಯಕ್ಷರು ಮೇಜು ಕುಟ್ಟಿದರು. ನಾನೂ ನಕ್ಕೆ.

ಕೊನೆಗೆ ಪ್ರಶ್ನೆಗಳ ಸಮಯ. ಪ್ರಶ್ನೆ ಇದ್ದವರು ಮುಂದೆ ಬಂದು ಮೈಕಿನಲ್ಲೇ ಕೇಳಬೇಕು ಎಂಬ ನಿಯಮ ಮಾಡಿದ್ದು ನಾನೇ, ವಿಡಿಯೋದಲ್ಲಿ ಸರಿಯಾಗಿ ಕೇಳಲಿ ಎಂದು. ಒಬ್ಬರು ಪೆಟ್ರೋಲಿನ ಬೆಲೆ ಕೇಳಿದರು. ಆಮೇಲೆ ಕೊನೆಯ ಸಾಲಿನಿಂದ ತಂಗಿ ಎದ್ದಳು. ಕುರ್ಚಿಗಳ ನಡುವೆ ಮೆಲ್ಲ ನಡೆದು ಬಂದು ಮೈಕ್ ತೆಗೆದುಕೊಂಡಳು. ನಾವಿಬ್ಬರೂ ಹುಟ್ಟಿದಂದಿನಿಂದ ಮಾತಾಡಿದ್ದು ತುಳುವಿನಲ್ಲಿ. ಸಭೆ ಎಂದು ಅವಳು ಕನ್ನಡದಲ್ಲಿ ಕೇಳಿದಳು, ಶಾಲೆಯಲ್ಲಿ ಎದ್ದು ನಿಂತವರ ಹಾಗೆ ಒಂದೊಂದೇ ಶಬ್ದ ಜೋಡಿಸಿ.

"ಯುದ್ಧ ಆಗುವ ಜಾಗದಿಂದ... ನಮ್ಮವರು ಇರುವ ಊರು ಎಷ್ಟು ದೂರ ಉಂಟು? ಕೆಲವು ದಿನದಿಂದ ಅವರ ಫೋನ್ ತಾಗುವುದಿಲ್ಲ."

ನಾನು ನಕ್ಷೆಯ ಕಡೆ ತಿರುಗಿ, "ದುಬೈ ತಾನೆ? ಹೆದರಬೇಡ. ದುಬೈ ಇದಕ್ಕೆಲ್ಲ ಬಹಳ ದೂರ," ಎಂದು ಬೆತ್ತ ಎತ್ತಿದೆ.

"ದುಬೈ ಬಿಟ್ಟು ಸುಮಾರು ವರ್ಷ ಆಯ್ತಲ್ಲ ಅಣ್ಣ," ಎಂದಳು. "ಈಗ ಕತಾರ್. ನೀವು ಕೋಲಿನಲ್ಲಿ ಬಡಿದದ್ದು ಅಲ್ಲಿಗೇ."

ಅಯ್ಯೋ, ಆ ಹೊತ್ತು! ಇಷ್ಟೂ ದೇಶಗಳ ರಾಜಧಾನಿ ಗೊತ್ತು, ಅಲ್ಲಿನ ಮಂತ್ರಿಗಳ ಜಗಳ ಗೊತ್ತು. ಒಬ್ಬಳೇ ತಂಗಿಯ ಗಂಡ ಯಾವ ದೇಶದಲ್ಲಿ ದುಡಿಯುತ್ತಾನೆ ಎಂದು ಗೊತ್ತಿಲ್ಲ. ಹೇಳಿರಲಿಲ್ಲವೆಂದಲ್ಲ. ಒಂದು ವರ್ಷ ವಿಷು ಹಬ್ಬದ ಊಟಕ್ಕೆ ಕುಳಿತಾಗ ಭಾವನೇ ಹೇಳಿದ್ದ. ನಾನು ಅವನ ಮಾತನ್ನು ಅರ್ಧಕ್ಕೆ ತುಂಡು ಮಾಡಿ ಆ ದೇಶದ ಅನಿಲ ನಿಕ್ಷೇಪದ ಬಗ್ಗೆ ಪಾಠ ಮಾಡಿದ್ದೆ. ಅನಿಲ ನೆನಪಿನಲ್ಲಿ ಉಳಿಯಿತು, ಭಾವ ಉಳಿಯಲಿಲ್ಲ.

ರಾಯಭಾರ ಕಚೇರಿ, ಸರಕಾರದ ಕ್ರಮ, ಆತಂಕ ಪಡಬೇಕಾಗಿಲ್ಲ ಎಂದೇನೋ ತೊದಲಿದೆ. ಅವಳು ತಲೆಯಾಡಿಸುತ್ತ ಕೇಳಿಸಿಕೊಂಡಳು. ಅಧ್ಯಕ್ಷರು ಧಡಕ್ಕನೆ ಎದ್ದು ಧನ್ಯವಾದ ಹೇಳಿ, ಎಲ್ಲರೂ ಚಹಾ ಕುಡಿದೇ ಹೋಗಬೇಕು ಎಂದರು.

ಆಗ ನಾನು ಮಾಡಬೇಕಾದ ಕೆಲಸ ಒಂದೇ ಇತ್ತು, ತಂಗಿಯ ಹತ್ತಿರ ಹೋಗುವುದು. ನಾನು ಹೋದದ್ದು ವಾಚನಾಲಯದ ಹೆಂಗಸಿನ ಹತ್ತಿರ. "ಆ ಪ್ರಶ್ನೆ-ಗಿಶ್ನೆ ಎಲ್ಲ ಈ ಸಲ ಬೇಡ. ಕಟ್ ಮಾಡಿ ಹಾಕಿ," ಎಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಆಯ್ತು ಸರ್," ಎಂದಳು. ಅಲ್ಲಿಂದ ತಿರುಗಿ ನೋಡುವಾಗ ತಂಗಿ ಇಲ್ಲ. ಘಾಟಿ ಬಂದಾದ ಮೇಲೆ ಸಂಜೆಯ ಬಸ್ಸುಗಳ ಭರವಸೆ ಇಲ್ಲ, ಹಾಗೆ ಚಹಾ ಕುಡಿಯದೆ ಹೊರಟುಹೋದಳು ಎಂದು ಯಾರೋ ಹೇಳಿದರು.

ಮನೆಗೆ ಬಂದ ಮೇಲೆ ಹಳೆಯದೆಲ್ಲ ನೆನಪಾಯಿತು. ನಾವು ಹುಟ್ಟಿ ಬೆಳೆದದ್ದು ಪಾಣೆಮಂಗಳೂರಿನಲ್ಲಿ, ನೇತ್ರಾವತಿಯ ಬದಿಯಲ್ಲೇ. ಆಟಿ ತಿಂಗಳ ಮಳೆಗೆ ನದಿ ಕೆಂಪಾಗಿ ಏರಿದಾಗ ಅವಳು ನನ್ನ ಅಂಗಿ ಹಿಡಿದು, "ಅಣ್ಣ, ನೀರು ನಮ್ಮ ಮನೆಗೆ ಬರ್ತದಾ?" ಎಂದು ಕೇಳುತ್ತಿದ್ದಳು. ನಾನು ಹೊಳೆಯ ಸಂಕದ ಕಂಬದಲ್ಲಿ ನೀರು ಎಷ್ಟು ಏರಿದೆ ಎಂದು ಕಣ್ಣು ಸಣ್ಣ ಮಾಡಿ ನೋಡಿ, ದೊಡ್ಡ ಜನದ ಹಾಗೆ, "ಬರುವುದಿಲ್ಲ," ಎನ್ನುತ್ತಿದ್ದೆ. ನನಗೆ ಏನೂ ಗೊತ್ತಿರಲಿಲ್ಲ. ಆದರೂ ಅವಳು ಹೋಗಿ ನಿದ್ರೆ ಮಾಡುತ್ತಿದ್ದಳು. ಅಷ್ಟು ವರ್ಷಗಳ ಮೇಲೆ ಮತ್ತೆ ಅದೇ ಪ್ರಶ್ನೆ ಹಿಡಿದುಕೊಂಡು ಎರಡು ಬಸ್ಸು, ಒಂದು ರಿಕ್ಷಾ ಹತ್ತಿ ಬಂದಿದ್ದಳು. ಬೆಳಿಗ್ಗೆ ಫೋನಿನಲ್ಲಿ ಎರಡು ಮಾತು ಕೇಳಿಸಿಕೊಂಡಿದ್ದರೆ ನನ್ನ ಗಂಟು ಏನು ಹೋಗುತ್ತಿತ್ತು?

ಆಮೇಲಿನ ದಿನಗಳಲ್ಲಿ ಫೋನ್ ಮಾಡಿದಾಗಲೆಲ್ಲ ಅವಳದ್ದು ಒಂದೇ ಉತ್ತರ, "ಇಲ್ಲ, ಸಿಗಲಿಲ್ಲ." ಬೈದಿದ್ದರೆ ಸಮಾಧಾನವಾಗುತ್ತಿತ್ತು. ಟಿವಿಯಲ್ಲಿ ಆ ಹೆಬ್ಬೆಟ್ಟಿನ ಆಕಾರದ ದೇಶ ಕಂಡರೆ ಎದ್ದು ಹೊರಗೆ ಹೋಗುತ್ತಿದ್ದೆ. ಒಂದು ಸಂಜೆ ಅವಳೇ ಫೋನ್ ಮಾಡಿ, "ಸಿಕ್ಕಿದರು. ಅವರು ಇರುವ ಕ್ಯಾಂಪ್ ಖಾಲಿ ಮಾಡಿಸಿ ದೂರ ಎಲ್ಲಿಯೋ ಗೋದಾಮಿನಲ್ಲಿ ಇಟ್ಟಿದ್ದರಂತೆ, ನೆಟ್‌ವರ್ಕ್ ಇರಲಿಲ್ಲವಂತೆ," ಎಂದು ಇಟ್ಟುಬಿಟ್ಟಳು. ನಾನು ದೇವರ ಕೋಣೆಗೆ ಹೋದೆ. ಹೋಗದೆ ಎಷ್ಟು ಕಾಲವಾಗಿತ್ತೋ.

ಮಾರನೆಯ ದಿನ ಚಾರ್ಮಾಡಿಗೆ ಹೋದೆ. ಘಾಟಿಯ ಬುಡದಲ್ಲಿ ಲಾರಿಗಳು ಸಾಲಾಗಿ ನಿಂತು ಚಾಲಕರು ಅಲ್ಲೇ ಗಂಜಿ ಬೇಯಿಸುತ್ತಿದ್ದರು. ತಂಗಿ ಬಾಗಿಲಲ್ಲಿ ನಕ್ಕು, ನೀರು-ಬೆಲ್ಲ ಕೊಟ್ಟು, ಊಟಕ್ಕಿಡುತ್ತೇನೆ ಎಂದು ಒಳಗೆ ಹೋದಳು. ಭಾನುವಾರದ ಸುದ್ದಿಯನ್ನೇ ಎತ್ತಲಿಲ್ಲ. ಕ್ಷಮಿಸು ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಒಣಗುತ್ತಿತ್ತು. ಅಷ್ಟರಲ್ಲಿ ಭಾವನ ವಿಡಿಯೋ ಕರೆ ಬಂತು. ಅವಳು ಒಂದಿಷ್ಟು ಮಾತಾಡಿ ಮೊಬೈಲನ್ನು ನನ್ನ ಕೈಗೆ ಕೊಟ್ಟಳು.

ಗಡ್ಡ ಬಿಟ್ಟಿದ್ದ. ಕಣ್ಣು ಒಳಗೆ ಹೋಗಿತ್ತು. ನನ್ನನ್ನು ನೋಡಿದ ಕೂಡಲೇ ಮುಖ ಅರಳಿತು.

"ಭಾವ! ನೆಟ್‌ವರ್ಕ್ ಬಂದದ್ದೇ ನಿನ್ನೆ ನಿಮ್ಮ ಭಾಷಣ ನೋಡಿದೆ. ಪ್ರತಿ ತಿಂಗಳೂ ನೋಡ್ತೇನೆ. ರೂಮಿನವರಿಗೂ ತೋರಿಸ್ತೇನೆ, ಇವರು ನಮ್ಮ ಭಾವ ಅಂತ. ಆ ಮದ್ದು ಬಿಡುವ ಜೋಕ್ ಉಂಟಲ್ಲ, ನೆಗಾಡಿ ನೆಗಾಡಿ ಸಾಕಾಯ್ತು ಮಾರಾಯ್ರೆ. ಆಕಾಶ ಓಪನ್ ಆಗ್ಲಿ, ನಾನೇ ಬಂದು ಮದ್ದು ಬಿಡ್ತೇನೆ ನಿಮ್ಮ ತೋಟಕ್ಕೆ!"

ಭೂಮಿ ಬಾಯಿಬಿಡಬಾರದೇ ಎನಿಸಿತು.

"ಅಲ್ಲ ಭಾವ," ಎಂದ ಅವನು, "ಇವಳೂ ಮೈಕಿನಲ್ಲಿ ಎಂತದೋ ಕೇಳಿದಳಂತಲ್ಲ? ಈಗ ಹೇಳಿದಳು. ನಾನು ಕೊನೆವರೆಗೂ ನೋಡಿದ್ದೇನೆ, ಅದು ಇಲ್ಲವೇ ಇಲ್ಲ. ಇವಳು ಸಭೆಯಲ್ಲಿ ಮಾತಾಡಿದ್ದು ನಾನು ನೋಡಿಯೇ ಇಲ್ಲ. ಹಿಡಿದದ್ದು ಇದ್ದರೆ ಕಳಿಸಿ ಆಯ್ತಾ?"

ಅಡಿಗೆಮನೆಯ ಬಾಗಿಲಲ್ಲಿ ತಂಗಿ ನಿಂತಿದ್ದಳು. ನಮ್ಮಿಬ್ಬರ ಕಣ್ಣು ಕೂಡಿತು. ಯಾರು ಕತ್ತರಿಸಲು ಹೇಳಿದ್ದು ಎಂದು ಅವಳು ಊಹಿಸಿದ್ದಾಳೆ ಎಂದು ಆ ನೋಟದಲ್ಲೇ ತಿಳಿಯಿತು. ಗಂಡನಿಗೆ ಹೇಳಿರಲಿಲ್ಲ. ಒಳಗೆ ಹೋದಳು.

ನಾನು ಜಗಲಿಗೆ ಬಂದು ವಾಚನಾಲಯಕ್ಕೆ ಫೋನ್ ಮಾಡಿದೆ. "ಡಿಲೀಟ್ ಮಾಡ್ಲಿಲ್ಲ ಸರ್. ಮನಸ್ಸು ಬರ್ಲಿಲ್ಲ," ಎಂದು ಆ ಹೆಂಗಸು ತುಂಡನ್ನು ಕಳಿಸಿದಳು. ತೆರೆದು ನೋಡಿದೆ. ಬೆತ್ತ ಎತ್ತಿ ನಿಂತ ನಾನು, ದುಬೈ ತಾನೆ ಎನ್ನುವ ನಾನು, ಬಾಯಿ ತೆರೆದು ನಿಂತ ನಾನು. ಮತ್ತೊಮ್ಮೆ ನೋಡಿದೆ, ಮೊದಲ ಸಲಕ್ಕಿಂತ ಕೆಟ್ಟದಾಗಿ ಕಂಡೆ. ಅಷ್ಟು ಜನ ರೂಮಿನವರ ಎದುರು ಭಾವನ ಮರ್ಯಾದೆಯೂ ಹೋಗುತ್ತದಲ್ಲ ಎಂದು ಒಂದು ನೆಪ ಸಹ ಹುಡುಕಿದೆ. ಕಡೆಗೆ ಕಣ್ಣು ಮುಚ್ಚಿ ಕಳಿಸಿದೆ.

ಉತ್ತರ ಬೇಗನೆ ಬಂತು, ಅವನ ದನಿಯಲ್ಲೇ. ನನಗೇನಾದರೂ ಹೇಳುತ್ತಾನೆ ಎಂದು ಹೆದರಿ ಕಿವಿಗೆ ಹಿಡಿದೆ. "ಭಾವ, ಅವಳ ಕೈ ನೋಡಿ," ಎಂದ. "ಎಷ್ಟು ನಡುಗ್ತಾ ಉಂಟು, ಪಾಪ."

ಅವನು ನನ್ನನ್ನು ನೋಡಿಯೇ ಇರಲಿಲ್ಲ. ಆ ತುಂಡನ್ನು ಎರಡೆರಡು ಸಲ ನೋಡಿದ ನಾನು ಅವಳನ್ನು ನೋಡಿರಲಿಲ್ಲ. ಮತ್ತೆ ತೆರೆದೆ. ಮೈಕನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಆದರೂ ಅದು ಗಲ್ಲಕ್ಕೆ ತಾಗಿ ತಾಗಿ ಬರುತ್ತಿತ್ತು. ಮೊಣಕೈಯಲ್ಲಿದ್ದ ಕೊಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಣ್ಣ, ಬಾ, ಊಟಕ್ಕೆ," ಎಂದು ಒಳಗಿಂದ ತುಳುವಿನಲ್ಲಿ ಕರೆದಳು. ಹೋಗಿ ಬಾಳೆಯೆಲೆಯ ಎದುರು ಕುಳಿತೆ. ಅದೇ ಕೈ ನನಗೆ ಅನ್ನ ಬಡಿಸಿತು, ಸಾಕು ಎಂದರೂ ಇನ್ನೊಂದು ಸೌಟು ಹಾಕಿತು.